ಊರಿನಲ್ಲಿ ಗೇಮಿಂಗ್ ಪಾರ್ಲರ್ ತೆರೆಯಲು ಈಗಿನ ಕನ್ಸೋಲ್ ಕೊಳ್ಳಲೇ, ಮುಂದಿನದಕ್ಕೆ ಕಾಯಲೇ? ಪ್ಲೇಸ್ಟೇಷನ್ ಮತ್ತು ಎಕ್ಸ್‌ಬಾಕ್ಸ್ ಪೈಪೋಟಿಯಲ್ಲಿ ಗೆಲ್ಲುವುದು ಯಾವುದು?

ನಿಮ್ಮ ಪ್ರಶ್ನೆಯನ್ನು ಓದಿದಾಗ 2007ರ ಬೇಸಿಗೆಯಲ್ಲಿ ನಾನೇ ಬರೆದಿಟ್ಟ ಚೀಟಿಯೊಂದು ಮತ್ತೆ ಕೈಗೆ ಸಿಕ್ಕಂತಾಯಿತು. ಮುಂದಿನ ತಲೆಮಾರಿನ ಯಂತ್ರಗಳಲ್ಲಿ ಯಾವುದು ಗೆಲ್ಲುತ್ತದೆ ಎಂಬುದು ಖಚಿತವಾದರೆ ಕೂಡಿಟ್ಟ ಹಣವನ್ನು ಅದರ ಮೇಲೆ ಹಾಕುತ್ತೇನೆ ಎಂದು ನೀವು ಬರೆದಿದ್ದೀರಿ. ನಾನೂ ಹಾಗೆಯೇ ಯೋಚಿಸಿದ್ದೆ. ಆ ಯೋಚನೆಯಿಂದ ಚೆನ್ನಾಗಿ ನಡೆಯುತ್ತಿದ್ದ ಅಂಗಡಿಯನ್ನು ಸುಮಾರು ಒಂದು ವರ್ಷದಲ್ಲಿ ಕಳೆದುಕೊಂಡೆ.

ದಾವಣಗೆರೆಯ ವಿದ್ಯಾನಗರದ ಅಡ್ಡರಸ್ತೆಯೊಂದರಲ್ಲಿ 2005ರಲ್ಲಿ ಚಿಕ್ಕ ಮಳಿಗೆಯೊಂದನ್ನು ಬಾಡಿಗೆಗೆ ಹಿಡಿದು, ನಾಲ್ಕು ಪ್ಲೇಸ್ಟೇಷನ್ 2 ಯಂತ್ರಗಳನ್ನು ಹಳೆಯ ದಪ್ಪ ಟಿವಿಗಳಿಗೆ ಜೋಡಿಸಿ ವ್ಯಾಪಾರ ಆರಂಭಿಸಿದ್ದೆ. ಗಂಟೆಗೆ ಇಪ್ಪತ್ತು ರೂಪಾಯಿ. ಪಿಯು ಕಾಲೇಜು ಮತ್ತು ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಇಬ್ಬಿಬ್ಬರಾಗಿ ಬಂದು, ತಲಾ ಹತ್ತು ರೂಪಾಯಿ ಹಾಕಿ, ಒಂದು ಗಂಟೆ ಕ್ರಿಕೆಟ್ಟನ್ನೋ ಕುಸ್ತಿಯನ್ನೋ ಆಡಿ ಹೋಗುತ್ತಿದ್ದರು. ಕರೆಂಟು ಹೋದಾಗ ಯುಪಿಎಸ್ ಒಂದು ಓವರಿಗೆ ಸಾಕಾಗುವಷ್ಟು ಹೊತ್ತು ತಡೆದರೆ ಅದೇ ದೊಡ್ಡದು. ಆ ಒಂದು ಓವರನ್ನು ಮುಗಿಸಲು ಅವರು ಪಡುತ್ತಿದ್ದ ಆತುರ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಬಾಡಿಗೆ, ಕರೆಂಟು ಬಿಲ್ಲು, ಸವೆದ ರಿಮೋಟುಗಳ ರಿಪೇರಿ ಎಲ್ಲವೂ ಕಳೆದು ತಿಂಗಳಿಗೆ ಏಳೆಂಟು ಸಾವಿರ ಉಳಿಯುತ್ತಿತ್ತು, ಮತ್ತು ಆ ಕಾಲಕ್ಕೆ ಅದು ನನಗೆ ಒಳ್ಳೆಯ ಸಂಪಾದನೆಯಾಗಿತ್ತು.

ಆಗ ಜಗತ್ತಿನಲ್ಲಿ ಮೂರು ಕಂಪನಿಗಳ ನಡುವೆ ದೊಡ್ಡ ಪೈಪೋಟಿ ಶುರುವಾಗಿತ್ತು. ಮೈಕ್ರೋಸಾಫ್ಟ್ 2005ರ ನವೆಂಬರಿನಲ್ಲಿಯೇ ಎಕ್ಸ್‌ಬಾಕ್ಸ್ 360 ಬಿಡುಗಡೆ ಮಾಡಿ ಒಂದು ವರ್ಷದ ಮುನ್ನಡೆ ಪಡೆದಿತ್ತು. ಅದು 2006ರ ಸೆಪ್ಟೆಂಬರಿನಲ್ಲಿ ಭಾರತಕ್ಕೂ ಬಂತು. ಸೋನಿ 2006ರ ನವೆಂಬರಿನಲ್ಲಿ ಪ್ಲೇಸ್ಟೇಷನ್ 3 ತಂದಿತು, ಮತ್ತು 2007ರ ಏಪ್ರಿಲ್ ಕೊನೆಯಲ್ಲಿ ಅದು 39,990 ರೂಪಾಯಿ ಬೆಲೆಯೊಂದಿಗೆ ನಮ್ಮ ದೇಶದ ಅಂಗಡಿಗಳನ್ನು ತಲುಪಿತು. ನಾನು ರಾತ್ರಿ ಅಂಗಡಿ ಮುಚ್ಚಿದ ಮೇಲೆ ಸೈಬರ್ ಕೆಫೆಯಲ್ಲಿ ಕುಳಿತು ಈ ಎರಡು ಯಂತ್ರಗಳ ಪ್ರೊಸೆಸರ್‌ಗಳ ಬಗ್ಗೆ, ಬ್ಲೂ ರೇ ಡಿಸ್ಕ್‌ಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೆ. ಓದುತ್ತಾ ಓದುತ್ತಾ ಸೋನಿಯೇ ಗೆಲ್ಲುತ್ತದೆ ಎಂದು ತೀರ್ಮಾನಿಸಿದೆ. ಪ್ಲೇಸ್ಟೇಷನ್ 2 ಮೂಲಕ ಹುಡುಗರ ಕೈಗೆ ಅದೇ ರಿಮೋಟು ಒಗ್ಗಿದೆ, ಹೊಸ ಯಂತ್ರವನ್ನು ಊರಿನಲ್ಲಿ ಮೊದಲು ತಂದವನೇ ಮುಂದಿನ ಹತ್ತು ವರ್ಷ ಆಳುತ್ತಾನೆ ಎಂಬ ನಂಬಿಕೆ ನನ್ನಲ್ಲಿ ಗಟ್ಟಿಯಾಯಿತು.

ಚನ್ನಗಿರಿ ಕಡೆಯ ನಮ್ಮ ಹಳ್ಳಿಯಲ್ಲಿ ಅಪ್ಪನಿಗೆ ಸ್ವಲ್ಪ ಅಡಿಕೆ ತೋಟವಿತ್ತು. ಆ ವರ್ಷದ ಅಡಿಕೆ ಮಾರಿದ ಹಣವನ್ನು ನಾನು ಕೇಳಿದಾಗ ಅವರು ಬೈಯಲಿಲ್ಲ, ಒಂದೇ ಮಾತು ಕೇಳಿದರು: "ಇರೋ ಮೋಟಾರು ನೀರು ಎತ್ತುತಾ ಐತಲ್ಲೋ, ಅದನ್ಯಾಕೆ ಮೇಲಕ್ಕೆ ಎಳೀತೀಯ? ಹೊಸದು ಬೇಕಂದ್ರೆ ಬೇರೆ ಬೋರಿಗೆ ಇಳಿಸು." ಅವರಿಗೆ ವಿಡಿಯೋ ಗೇಮ್ ಎಂದರೇನೆಂದು ತಿಳಿಯದು ಎಂದುಕೊಂಡು ನಾನು ಆ ಮಾತನ್ನು ಅಲ್ಲಿಯೇ ಬಿಟ್ಟೆ. ಮೂರು ಪ್ಲೇಸ್ಟೇಷನ್ 3 ಕೊಂಡೆ. ಅವುಗಳಿಗೇ 1,19,970 ರೂಪಾಯಿ ಆಯಿತು. ಹೊಸ ಯಂತ್ರದ ಚಿತ್ರ ಹಳೆಯ ಟಿವಿಯಲ್ಲಿ ಶೋಭಿಸುವುದಿಲ್ಲವೆಂದು ಮೂರು ಎಲ್‌ಸಿಡಿ ಟಿವಿಗಳನ್ನು ಕಂತಿನ ಮೇಲೆ ತಂದೆ. ಜಾಗ ಸಾಲದೆಂಬ ಕಾರಣಕ್ಕೆ ನಾಲ್ಕು ಹಳೆಯ ಸೆಟ್ಟುಗಳನ್ನು, ಅವುಗಳ ಸಿಡಿಗಳ ಪೆಟ್ಟಿಗೆಯ ಸಮೇತ, ಎರಡು ಬೀದಿಯಾಚೆ ಇದೇ ವ್ಯಾಪಾರ ಶುರುಮಾಡಬೇಕೆಂದಿದ್ದ ಹುಡುಗನೊಬ್ಬನಿಗೆ ಹದಿನೆಂಟು ಸಾವಿರಕ್ಕೆ ಕೊಟ್ಟುಬಿಟ್ಟೆ.

ಮೊದಲ ಎರಡು ವಾರ ಜಾತ್ರೆಯಂತಿತ್ತು. ಹುಡುಗರು ಬಂದರು, ಹಿಂದೆ ನಿಂತು ನೋಡಿದರು, ಚಿತ್ರದ ಸ್ಪಷ್ಟತೆಗೆ ಬೆರಗಾದರು. ಗಂಟೆಗೆ ಐವತ್ತು ರೂಪಾಯಿ ಎಂದಾಗ ಸ್ವಲ್ಪ ಹಿಂಜರಿದರೂ ಒಮ್ಮೊಮ್ಮೆ ಕೊಟ್ಟರು. ಮೂರನೆಯ ವಾರ ನನ್ನ ಖಾಯಂ ಗಿರಾಕಿಗಳಲ್ಲಿ ಒಬ್ಬ, ರಿಮೋಟನ್ನು ಮೇಜಿನ ಮೇಲಿಟ್ಟು, "ಅಣ್ಣ, ಇದ್ರಾಗೆ ಕ್ರಿಕೆಟ್ ಇಲ್ವಾ?" ಎಂದು ಕೇಳಿದ.

ಇರಲಿಲ್ಲ. ನನ್ನ ತಪ್ಪು ಇರುವುದು ಇಲ್ಲಿಯೇ. ನಿಮ್ಮ ಪ್ರಶ್ನೆಯಲ್ಲಿಯೂ ಅದೇ ತಪ್ಪು ಅಡಗಿ ಕುಳಿತಿರುವುದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನ್ನ ಅಂಗಡಿಯಲ್ಲಿ ದಿನದ ಅರ್ಧದಷ್ಟು ಹೊತ್ತನ್ನು ತುಂಬುತ್ತಿದ್ದದ್ದು ಇಎ ಸ್ಪೋರ್ಟ್ಸ್ ಕಂಪನಿಯ ಕ್ರಿಕೆಟ್ 07. ಆ ಆಟ ಬಂದದ್ದು ಪ್ಲೇಸ್ಟೇಷನ್ 2 ಮತ್ತು ಕಂಪ್ಯೂಟರಿಗೆ ಮಾತ್ರ. ಪ್ಲೇಸ್ಟೇಷನ್ 3ಕ್ಕೆ ಅದು ಎಂದೂ ಬರಲಿಲ್ಲ, ಮತ್ತು ಅದರ ನಂತರ ಇಎ ಕ್ರಿಕೆಟ್ ಆಟಗಳನ್ನು ಮಾಡುವುದನ್ನೇ ನಿಲ್ಲಿಸಿತು. 2007ರಲ್ಲಿ ಕೋಡ್‌ಮಾಸ್ಟರ್ಸ್ ಕಂಪನಿ ತಂದ ಇನ್ನೊಂದು ಕ್ರಿಕೆಟ್ ಆಟ, ನಮ್ಮಲ್ಲಿ ಯುವರಾಜ್ ಸಿಂಗ್ ಹೆಸರಿನಲ್ಲಿ ಮಾರಾಟವಾದದ್ದು, ಎಕ್ಸ್‌ಬಾಕ್ಸ್ 360ಕ್ಕೆ ಬಂತು, ಪ್ಲೇಸ್ಟೇಷನ್ 2ಕ್ಕೂ ಬಂತು, ಪ್ಲೇಸ್ಟೇಷನ್ 3ಕ್ಕೆ ಬರಲಿಲ್ಲ. ಹೊಸ ಯಂತ್ರದ ಡಿಸ್ಕ್‌ನಲ್ಲಿ ಕ್ರಿಕೆಟ್ ನೋಡಲು 2009ರ ಆ್ಯಶಸ್ ಆಟದವರೆಗೆ ಕಾಯಬೇಕಾಯಿತು. ಹುಡುಗರಿಗೆ ಪ್ರಿಯವಾಗಿದ್ದ ಡಬ್ಲ್ಯುಡಬ್ಲ್ಯುಇ ಕುಸ್ತಿ ಮತ್ತು ಫಿಫಾ ಫುಟ್‌ಬಾಲ್ ಕೂಡ ಪ್ಲೇಸ್ಟೇಷನ್ 3ಕ್ಕೆ ಬಂದದ್ದು 2007ರ ಕೊನೆಯ ತಿಂಗಳುಗಳಲ್ಲಿ. ನಾನು ಬೆಲೆ ಕೊಟ್ಟು ತಂದಿದ್ದ ಮೋಟಾರ್‌ಸ್ಟಾರ್ಮ್ ಎಂಬ ಗಾಡಿ ಓಟದ ಆಟ ನೋಡಲು ಅದ್ಭುತವಾಗಿತ್ತು, ಆದರೆ ಒಂದೇ ಟಿವಿಯಲ್ಲಿ ಇಬ್ಬರು ಕೂಡಿ ಆಡುವ ಅವಕಾಶವೇ ಅದರಲ್ಲಿ ಇರಲಿಲ್ಲ. ಹತ್ತು ಹತ್ತು ರೂಪಾಯಿ ಕೂಡಿಸಿ ಜೊತೆಯಾಗಿ ಬರುವ ಗೆಳೆಯರಲ್ಲಿ ಒಬ್ಬನು ಆಡುತ್ತಾ ಇನ್ನೊಬ್ಬನು ಸುಮ್ಮನೆ ನೋಡುತ್ತಾ ಕೂರುವ ಆಟದಿಂದ ಪಾರ್ಲರ್ ನಡೆಯುವುದಿಲ್ಲ. ಕೊನೆಗೆ ರಿಮೋಟು ಕೂಡ ಅವರಿಗೆ ಸಪ್ಪೆಯಾಗಿ ಕಂಡಿತು, ಏಕೆಂದರೆ ಹೊಸ ಯಂತ್ರದೊಂದಿಗೆ ಆಗ ಬರುತ್ತಿದ್ದ ರಿಮೋಟಿನಲ್ಲಿ, ಹಳೆಯದರಲ್ಲಿದ್ದ ನಡುಕದ ಮೋಟಾರು ಇರಲಿಲ್ಲ.

ಇವೆಲ್ಲವೂ ಹಣ ಕೊಡುವ ಮುನ್ನವೇ ತಿಳಿಯಬಹುದಾಗಿದ್ದ ಸಂಗತಿಗಳು. ಗಿರಾಕಿಗಳು ಯಾವ ಸಿಡಿ ಕೇಳುತ್ತಾರೆ ಎಂಬುದನ್ನು ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದು, ಆ ಹೆಸರುಗಳ ಎದುರು ಹೊಸ ಯಂತ್ರಕ್ಕೆ ಅದು ಇದೆಯೋ ಇಲ್ಲವೋ ಎಂದು ಗುರುತು ಹಾಕಿದ್ದರೆ, ಅರ್ಧ ಪುಟದಲ್ಲಿ ನನ್ನ ಪ್ರಶ್ನೆ ಇತ್ಯರ್ಥವಾಗುತ್ತಿತ್ತು. ಎರಡು ವರ್ಷ ದಿನವೂ ಹನ್ನೆರಡು ಗಂಟೆ ಆ ಹುಡುಗರ ಹಿಂದೆಯೇ ಕುಳಿತಿದ್ದ ನಾನು, ಅವರು ಏನು ಆಡುತ್ತಿದ್ದಾರೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಟೋಕಿಯೋದಲ್ಲಿಯೂ ಸಿಯಾಟಲ್ ಬಳಿಯಲ್ಲಿಯೂ ಇರುವ ಕಂಪನಿಗಳ ಬಲಾಬಲವನ್ನು ತೂಗುತ್ತಿದ್ದೆ. ಅದರ ಮೇಲೆ ಹಳೆಯ ಸೆಟ್ಟುಗಳನ್ನು ಮಾರಿದ್ದೆ. ಇಟ್ಟುಕೊಂಡಿದ್ದರೆ ಒಂದು ಮೂಲೆಯಲ್ಲಿ ಅವು ದುಡಿದು ಟಿವಿಯ ಕಂತನ್ನಾದರೂ ಕಟ್ಟುತ್ತಿದ್ದವು. ಮಾರಿದ್ದರಿಂದ, ಎರಡು ಬೀದಿಯಾಚೆ ನನ್ನದೇ ಯಂತ್ರಗಳಲ್ಲಿ, ನನ್ನದೇ ಸಿಡಿಗಳಲ್ಲಿ, ನನ್ನದೇ ಗಿರಾಕಿಗಳು ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಕ್ರಿಕೆಟ್ ಆಡುತ್ತಿದ್ದರು. ಆ ಹುಡುಗನದು ಏನೂ ತಪ್ಪಿಲ್ಲ, ಅವನು ನ್ಯಾಯವಾದ ಬೆಲೆ ಕೊಟ್ಟೇ ಕೊಂಡಿದ್ದ. 2008ರ ಮಳೆಗಾಲದಲ್ಲಿ ನಾನು ಮಳಿಗೆಯನ್ನು ಬಿಟ್ಟುಕೊಟ್ಟೆ. ಅಪ್ಪನ ಹಣವನ್ನು ಪೂರ್ತಿಯಾಗಿ ಹಿಂದಿರುಗಿಸಲು ಮೊಬೈಲ್ ರಿಪೇರಿ ಅಂಗಡಿಯೊಂದರಲ್ಲಿ ನಾಲ್ಕು ವರ್ಷ ದುಡಿಯಬೇಕಾಯಿತು.

ಇನ್ನು ಆ ಪೈಪೋಟಿಯಲ್ಲಿ ಗೆದ್ದವರು ಯಾರು? ಎಕ್ಸ್‌ಬಾಕ್ಸ್ 360 ಮತ್ತು ಪ್ಲೇಸ್ಟೇಷನ್ 3 ಎರಡೂ ಕೊನೆಗೆ ಎಂಟು ಕೋಟಿಗೂ ಹೆಚ್ಚು ಮಾರಾಟವಾಗಿ ಹೆಚ್ಚುಕಡಿಮೆ ಸಮಸಮ ನಿಂತವು. ಆ ತಲೆಮಾರಿನಲ್ಲಿ ಹತ್ತು ಕೋಟಿ ದಾಟಿದ್ದು ನಿಂಟೆಂಡೊದ ವೀ. ಶಕ್ತಿಯಲ್ಲಿ ಮೂರರಲ್ಲಿ ಕಡಿಮೆಯದೆಂದು ನಾನು ಪಟ್ಟಿಗೇ ಸೇರಿಸದಿದ್ದ ಯಂತ್ರ ಅದು. ನಾನು ಮಾರಿಬಿಟ್ಟಿದ್ದ ಪ್ಲೇಸ್ಟೇಷನ್ 2 ಅಂತೂ ಹದಿನೈದು ಕೋಟಿಗೂ ಹೆಚ್ಚು ಮಾರಾಟ ಕಂಡು, 2013ರ ಆರಂಭದವರೆಗೂ ತಯಾರಾಗುತ್ತಲೇ ಇತ್ತು. ಫಿಫಾ 14 ಆಟವೂ ಅದಕ್ಕೆ ಬಂತು. ಹಾಗಾಗಿ ಗೆಲ್ಲುವ ಯಂತ್ರವನ್ನು ಮೊದಲೇ ಆರಿಸಬೇಕೆಂಬ ನಿಮ್ಮ ಲೆಕ್ಕದ ಬುಡವನ್ನೇ ನಾನು ಒಪ್ಪುವುದಿಲ್ಲ. ಆ ಗೆಲುವು ತೀರ್ಮಾನವಾಗಲು ಏಳೆಂಟು ವರ್ಷ ಬೇಕು, ನಿಮ್ಮ ಬಾಡಿಗೆ ಪ್ರತಿ ತಿಂಗಳು ಐದನೇ ತಾರೀಖಿಗೆ ಕಟ್ಟಬೇಕು.

ಮುಂದಿನ ಪ್ಲೇಸ್ಟೇಷನ್‌ಗಾಗಿ ಕಾಯುವ ಯೋಚನೆಯನ್ನೂ ಬಿಡಿ. ಪ್ಲೇಸ್ಟೇಷನ್ 3 ನಮ್ಮನ್ನು ತಲುಪಲು ಐದು ತಿಂಗಳು ತಡವಾಯಿತು. ಪ್ಲೇಸ್ಟೇಷನ್ 4 ಅಮೆರಿಕದಲ್ಲಿ 2013ರ ನವೆಂಬರಿನಲ್ಲಿ ಬಂದು ಇಲ್ಲಿಗೆ 2014ರ ಜನವರಿಯಲ್ಲಿ ಬಂತು. ಪ್ಲೇಸ್ಟೇಷನ್ 5 ಕೂಡ 2020ರ ನವೆಂಬರಿನಲ್ಲಿ ಹೊರಗೆ ಬಂದು, ನಮಗೆ 2021ರ ಫೆಬ್ರುವರಿ 2ರಂದು ಸಿಕ್ಕಿತು. ಅದೂ ಮುಂಗಡ ಕಾಯ್ದಿರಿಸುವಿಕೆ ನಿಮಿಷಗಳಲ್ಲಿ ಮುಗಿದುಹೋಗಿ ತಿಂಗಳುಗಟ್ಟಲೆ ದಾಸ್ತಾನು ಇರಲಿಲ್ಲ. ಹೊಸದು ಬಂದರೂ ಹುಡುಗರು ಬಯಸುವ ಆಟಗಳು ಹಳೆಯದಕ್ಕೆ ಬಹಳ ಕಾಲ ಬರುತ್ತಲೇ ಇರುತ್ತವೆ. 2025ರ ಇಎ ಫುಟ್‌ಬಾಲ್ ಆಟ ಹನ್ನೆರಡು ವರ್ಷ ಹಳೆಯದಾದ ಪ್ಲೇಸ್ಟೇಷನ್ 4ಕ್ಕೂ ಬಂದಿದೆ.

ಪೈಪೋಟಿಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಅದರಿಂದ ನಮ್ಮಂಥವರಿಗೆ ಆದ ಉಪಕಾರವನ್ನು ನಾನು ಮರೆಯಲಾರೆ. 2013ರಲ್ಲಿ ಮೈಕ್ರೋಸಾಫ್ಟ್ ತನ್ನ ಹೊಸ ಯಂತ್ರದಲ್ಲಿ ಒಬ್ಬರು ಬಳಸಿದ ಡಿಸ್ಕನ್ನು ಇನ್ನೊಬ್ಬರಿಗೆ ಕೊಡುವುದರ ಮೇಲೆ ನಿರ್ಬಂಧ ಹೇರಲು ಹೊರಟಿತ್ತು. ಸೋನಿ ತನ್ನ ಯಂತ್ರದಲ್ಲಿ ಅಂಥ ನಿರ್ಬಂಧವಿಲ್ಲವೆಂದು ಜೂನ್ ತಿಂಗಳ ವೇದಿಕೆಯಲ್ಲಿ ಘೋಷಿಸಿ, ನೂರು ಡಾಲರ್ ಕಡಿಮೆ ಬೆಲೆಯನ್ನೂ ಇಟ್ಟ ಮೇಲೆ, ಹತ್ತೇ ದಿನಗಳೊಳಗೆ ಮೈಕ್ರೋಸಾಫ್ಟ್ ಹಿಂದೆ ಸರಿಯಿತು. ಸೆಕೆಂಡ್ ಹ್ಯಾಂಡ್ ಡಿಸ್ಕ್‌ಗಳಿಂದಲೇ ಬದುಕುವ ಪಾರ್ಲರ್‌ಗಳನ್ನು ಆ ಒಂದು ಪೈಪೋಟಿ ಉಳಿಸಿತು ಎಂದು ನಾನು ನಂಬಿದ್ದೇನೆ. ಎದುರಾಳಿ ಇಲ್ಲದ ಕಂಪನಿಗೆ ಆ ನಿರ್ಧಾರವನ್ನು ಬದಲಿಸುವ ಅಗತ್ಯವೇ ಬೀಳುತ್ತಿರಲಿಲ್ಲ. ಆದ್ದರಿಂದಲೇ, ಒಂದೇ ಕಂಪನಿ ಪೂರ್ತಿಯಾಗಿ ಗೆಲ್ಲಲಿ ಎಂದು ಬಯಸುವ ಅಭಿಮಾನಿಗಳನ್ನು ಕಂಡರೆ ನನಗೆ ಆತಂಕವಾಗುತ್ತದೆ.

ನನ್ನ ಆಸೆ ಬೇರೆ ಕಡೆಗಿದೆ. ಜಪಾನಿನ ಸೆಗಾ ಕಂಪನಿ 2001ರಲ್ಲಿ ತನ್ನ ಡ್ರೀಮ್‌ಕಾಸ್ಟ್ ಯಂತ್ರವನ್ನು ನಿಲ್ಲಿಸಿದಾಗ ಅದು ಸೋತಿತೆಂದು ಎಲ್ಲರೂ ಬರೆದರು. ಆದರೆ ಅದೇ ವರ್ಷ ಅದರ ಸೋನಿಕ್ ಆಟ ಹಳೆಯ ವೈರಿಯಾದ ನಿಂಟೆಂಡೊದ ಕೈಯಂತ್ರದಲ್ಲಿ ಬಂದು, ಹೊಸ ಮಕ್ಕಳನ್ನು ತಲುಪಿತು. 2018ರಲ್ಲಿ ಸೋನಿ ಫೋರ್ಟ್‌ನೈಟ್ ಆಟದ ಮೂಲಕ ಬೇರೆ ಕನ್ಸೋಲ್‌ಗಳವರೊಂದಿಗೆ ಕೂಡಿ ಆಡಲು ಬಾಗಿಲು ತೆರೆಯಿತು. 2024ರಿಂದ ಮೈಕ್ರೋಸಾಫ್ಟ್ ತನ್ನದೇ ಆಟಗಳನ್ನು ಪ್ಲೇಸ್ಟೇಷನ್‌ಗೂ ಕೊಡತೊಡಗಿದೆ. 2025ರಲ್ಲಿ ಫೋರ್ಜಾ ಹೊರೈಜನ್ 5 ಎಂಬ ಕಾರ್ ಓಟದ ಆಟ ಬಂತು, ಅದರ ಹೆಸರಾಂತ ಹೇಲೋ ಆಟ ಕೂಡ ಬರುತ್ತದೆಂದು ಅದೇ ವರ್ಷ ಪ್ರಕಟಿಸಿದರು. ಯಂತ್ರಗಳು ಬೆಲೆಯಲ್ಲಿ, ಗುಣದಲ್ಲಿ ಸ್ಪರ್ಧಿಸಲಿ, ಆಟಗಳು ಮಾತ್ರ ಎಲ್ಲ ಯಂತ್ರಗಳಿಗೂ ಸಿಗಲಿ ಎಂಬುದು ಈ ಉದ್ಯಮದ ಬಗ್ಗೆ ನನಗಿರುವ ದೊಡ್ಡ ಆಸೆ. ಆಟ ಮಾಡುವವರ ಬದುಕು ಭದ್ರವಾಗದೆ ಅದು ಈಡೇರುವುದಿಲ್ಲ ಎಂಬುದೂ ಗೊತ್ತಿದೆ. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ಗೇಮಿಂಗ್ ವಿಭಾಗದಲ್ಲಿ 1,900 ಜನರನ್ನು, ಮರುತಿಂಗಳು ಸೋನಿ ಸುಮಾರು 900 ಜನರನ್ನು ಕೆಲಸದಿಂದ ತೆಗೆಯುವುದಾಗಿ ಹೇಳಿದವು. ನಮ್ಮ ಬೆಂಗಳೂರಿನಲ್ಲಿ 1997ರಷ್ಟು ಹಿಂದೆಯೇ ಧ್ರುವ ಇಂಟರಾಕ್ಟಿವ್ ಶುರುವಾಗಿ ವಿದೇಶಿ ಆಟಗಳಿಗೆ ಕಲಾಕೆಲಸ ಮಾಡಿಕೊಟ್ಟಿತು, 2019ರಲ್ಲಿ ಅದನ್ನು ರಾಕ್‌ಸ್ಟಾರ್ ಎಂಬ ವಿದೇಶಿ ಗೇಮ್ ಕಂಪನಿ ಕೊಂಡಿತು. ಇಷ್ಟು ಕೈಗಳು ಇಲ್ಲಿಯೇ ಇರುವಾಗ, ದಾವಣಗೆರೆಯ ಹುಡುಗ ಕನ್ನಡದ ವೀಕ್ಷಕ ವಿವರಣೆ ಕೇಳುತ್ತಾ ಆಡುವ ಒಂದು ಒಳ್ಳೆಯ ಕ್ರಿಕೆಟ್ ಆಟ ಬರಬೇಕೆಂದು ನಾನು ಬಯಸುವುದರಲ್ಲಿ ಅತಿಯಾಸೆ ಏನೂ ಇಲ್ಲ.

ನಾನು 2015ರಲ್ಲಿ ಮತ್ತೆ ಪಾರ್ಲರ್ ತೆರೆದೆ, ಈಗಲೂ ನಡೆಸುತ್ತಿದ್ದೇನೆ. ಈ ಸಲ ಮೊದಲು ನೋಟ್‌ಬುಕ್, ಆಮೇಲೆ ಯಂತ್ರ. ಫುಟ್‌ಬಾಲ್, ಕುಸ್ತಿ, ಟೆಕ್ಕನ್ ಎಂಬ ಹೊಡೆದಾಟದ ಆಟ, ಕ್ರಿಕೆಟ್ ಎಂದು ನನ್ನಲ್ಲಿ ಹೆಚ್ಚು ಓಡುವ ಆಟಗಳೆಲ್ಲ ಇಂದು ಎರಡೂ ಕಂಪನಿಗಳ ಯಂತ್ರಗಳಿಗೆ ಸಿಗುತ್ತವೆ, ಹಾಗಾಗಿ ನಿಮ್ಮೂರಿನ ಹುಡುಗರ ಕೈಗೆ ಯಾವ ರಿಮೋಟು ಒಗ್ಗಿದೆಯೋ ಅದನ್ನೇ ಕೊಳ್ಳಿ. ಎರಡೇ ಸೆಟ್ಟಿನಿಂದ ಆರಂಭಿಸಿ, ಅವಕ್ಕೆ ಆರು ರಿಮೋಟು ಇಡಿ, ಏಕೆಂದರೆ ಪಾರ್ಲರಿನಲ್ಲಿ ಮೊದಲು ಕೆಡುವುದು ರಿಮೋಟಿನ ಕಡ್ಡಿ. ಡಿಸ್ಕ್ ಹಾಕುವ ಜಾಗವಿಲ್ಲದ ಡಿಜಿಟಲ್ ಮಾದರಿ ಎಷ್ಟು ಅಗ್ಗವಾಗಿ ಸಿಕ್ಕರೂ ಕೊಳ್ಳಬೇಡಿ. ಬೇಸರವಾದ ಆಟವನ್ನು ಅದರಲ್ಲಿ ಮಾರಲಾಗುವುದಿಲ್ಲ, ಬದಲಾಯಿಸಿಕೊಳ್ಳಲೂ ಆಗುವುದಿಲ್ಲ. ಅದಕ್ಕೂ ಮುಂಚೆ, ಮಳಿಗೆಗೆ ಅಡ್ವಾನ್ಸ್ ಕೊಡುವುದಕ್ಕೂ ಮುಂಚೆ, ನೀವು ನೋಡಿರುವ ಜಾಗದ ಹತ್ತಿರದ ಕಾಲೇಜಿನ ಎದುರು ಒಂದು ವಾರ ಸಂಜೆ ನಿಂತು ಮೂವತ್ತು ಹುಡುಗರನ್ನು ಮಾತನಾಡಿಸಿ, ಏನು ಆಡುತ್ತೀರಿ, ಯಾರ ಜೊತೆ ಆಡುತ್ತೀರಿ, ಗಂಟೆಗೆ ಎಷ್ಟು ಕೊಡುತ್ತೀರಿ ಎಂದು ಕೇಳಿ ಬರೆದುಕೊಳ್ಳಿ. ಆ ಪಟ್ಟಿಯನ್ನು ಇಲ್ಲಿಯೇ ಹಾಕಿದರೆ, ಯಾವ ಆಟ ಯಾವ ಯಂತ್ರದಲ್ಲಿದೆ, ಯಾವುದನ್ನು ಇಬ್ಬರು ಒಂದೇ ಟಿವಿಯಲ್ಲಿ ಆಡಬಹುದು ಎಂಬುದನ್ನು ಒಂದೊಂದಾಗಿ ನೋಡಿ ಹೇಳುತ್ತೇನೆ.