ಮಕ್ಕಳ ಮುಂದೆ ಅಳದಂತೆ ಮನಸ್ಸು ಗಟ್ಟಿ ಮಾಡುವುದನ್ನು ಯಾವ ತರಬೇತಿಯಲ್ಲಿ ಕಲಿಸುತ್ತಾರೆ?

ಪುಣೆಯ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದೀರಿ, ಉಪಶಾಮಕ ಆರೈಕೆಯ (ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆ) ತರಬೇತಿಗೆ ಹೆಸರು ಕೊಡಬೇಕಾಗಿದೆ, ಮನೆಯಿಂದಲೇ ಮಾಡುವ ಕೋರ್ಸ್ ಸಾಕೇ ಅಥವಾ ಹೋಗಿ ಕಲಿಯಬೇಕೇ ಎಂದು ಕೇಳಿದ್ದೀರಿ. ಜೊತೆಗೆ ಶೀರ್ಷಿಕೆಯಲ್ಲಿರುವ ಪ್ರಶ್ನೆ. ಆ ಪ್ರಶ್ನೆಯನ್ನು 2011ರಲ್ಲಿ ಮುಂಬೈಯಲ್ಲಿ ನಾನೂ ಕೇಳಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ.

ಕ್ಯಾನ್ಸರ್ ಚಿಕಿತ್ಸೆಗೆಂದು ವಿಜಯಪುರ, ಕಲಬುರಗಿ ಕಡೆಯ ಬಹಳ ಜನ ಮುಂಬೈಗೆ ಬರುತ್ತಾರೆ. ನಾನಿದ್ದ ವಾರ್ಡಿನಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. ಹಾಗಾಗಿ ಇಂಡಿ ತಾಲ್ಲೂಕಿನ ಆ ಒಂಬತ್ತು ವರ್ಷದ ಹುಡುಗ ಬಂದ ದಿನವೇ ನನ್ನ ಪಾಲಿಗೆ ಬಂದ. ತೊಡೆಯ ಎಲುಬಿನ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. ವೈದ್ಯರು ಹೇಳಿದ್ದನ್ನು ಅವನ ಅವ್ವನಿಗೆ, ಅವಳು ಹೇಳಿದ್ದನ್ನು ವೈದ್ಯರಿಗೆ ದಾಟಿಸುವುದೂ ನನ್ನ ಕೆಲಸವಾಯಿತು.

ಮೊದಲ ದಿನ ಕೈಗೆ ಸೂಜಿ ಹಾಕಿದಾಗ ರಕ್ತನಾಳ ಸಿಗಲಿಲ್ಲ. ಮೂರನೆಯ ಸಲಕ್ಕೆ ಸಿಕ್ಕಿತು. ಹುಡುಗ ತುಟಿ ಕಚ್ಚಿ ಸುಮ್ಮನಿದ್ದ. ನಾನು ತಲೆ ಸವರಿ, "ಎಷ್ಟು ಶಾಣ್ಯಾ ಇದ್ದೀಯಪ್ಪಾ, ಒಂದು ಹನಿಯೂ ಕಣ್ಣೀರು ಹಾಕಲಿಲ್ಲ" ಎಂದೆ. ಅವನ ಮುಖ ಅರಳಿತು. ನನ್ನ ತಪ್ಪು ಅಲ್ಲಿಂದ ಶುರುವಾಯಿತು.

ಈ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹೊಗಳಿಕೆ ಕೇಳಲು ಒಂದೇ ಮಾತು, ಮಗುವಿಗೆ ಅದು ಒಪ್ಪಂದ. ಅತ್ತರೆ ಶಾಣ್ಯಾತನ ಹೋಯಿತು, ನೋವು ಎಂದು ಬಾಯಿಬಿಟ್ಟರೆ ಅಕ್ಕನಿಗೆ ಬೇಸರವಾಯಿತು. ಅದು ಸಾಲದು ಎಂಬಂತೆ ಪ್ರತಿ ಪಾಳಿಯಲ್ಲೂ ನಾನು ಕೇಳುತ್ತಿದ್ದುದು, "ನೋವಿಲ್ಲ ಅಲ್ಲವೇನೋ?" ಗಮನಿಸಿ, ನೋವಿದೆಯೇ ಎಂದಲ್ಲ. ಉತ್ತರವನ್ನು ನಾನೇ ಅವನ ಬಾಯಿಗೆ ಇಟ್ಟು, ತಲೆಯಾಡಿಸು ಎಂದಂತೆ. ಅವನು ಇಲ್ಲ ಎನ್ನುತ್ತಿದ್ದ, ನಾನು ಚಾರ್ಟಿನಲ್ಲಿ ಸೊನ್ನೆ ಬರೆಯುತ್ತಿದ್ದೆ. ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ ಎಂಬ ಬಲವಾದ ನೋವಿನ ಔಷಧ ಇತ್ತು. ನಡುವೆ ನೋವು ಕಾಣಿಸಿಕೊಂಡರೆ ಕೊಡಲು ಹೆಚ್ಚಿನ ಡೋಸನ್ನೂ ವೈದ್ಯರು ಬರೆದಿದ್ದರು. ನಾನು ಅದನ್ನು ಒಮ್ಮೆಯೂ ಕೊಡಲಿಲ್ಲ. ಆ ಹೆಚ್ಚಿನ ಡೋಸ್ ದಿನಕ್ಕೆ ಎಷ್ಟು ಸಲ ಬೇಕಾಯಿತು ಎಂದು ಎಣಿಸಿಯೇ ಮರುದಿನದ ಪ್ರಮಾಣವನ್ನು ಏರಿಸುವುದು. ನನ್ನ ಸೊನ್ನೆಗಳನ್ನು ನೋಡಿದ ವೈದ್ಯರು ಪ್ರಮಾಣವನ್ನು ಇದ್ದಲ್ಲೇ ಬಿಟ್ಟರು. ಅವನು ಅಲುಗಾಡದೆ ಮಲಗಿರುತ್ತಿದ್ದ. ಆರಾಮವಾಗಿದ್ದಾನೆ ಎಂದುಕೊಂಡೆ. ಅಲುಗಾಡಿದರೆ ನೋಯುತ್ತದೆಂದು ಮಗು ಮಿಸುಕದೆ ಮಲಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಹತ್ತು ವರ್ಷದ ಅನುಭವವಿತ್ತು, ಆದರೂ ಗೊತ್ತಿರಲಿಲ್ಲ.

ಮೂರು ರಾತ್ರಿ ಹೀಗೆ ಕಳೆದವು. ನಾಲ್ಕನೆಯ ದಿನ ಬೆಳಿಗ್ಗೆ ನೆಲ ಒರೆಸುವ, ಚಾದರ ಬದಲಿಸುವ ಮಾವಶಿ ನನ್ನನ್ನು ಕರೆದು ಚಾದರದ ಮೂಲೆ ತೋರಿಸಿದರು. ಹುಡುಗ ಅದನ್ನು ಬತ್ತಿಯಂತೆ ಹೊಸೆದು ಬಾಯಿಗೆ ತುರುಕಿಕೊಂಡಿದ್ದ. ಬಟ್ಟೆ ಇನ್ನೂ ಒದ್ದೆಯಿತ್ತು, ಹಲ್ಲು ಊರಿದ ಕಡೆ ತೂತಾಗಿತ್ತು. ಅವನು ಮಾವಶಿಗೆ ರಾತ್ರಿಯೇ ಹೇಳಿದ್ದನಂತೆ, "ದುಖತಯ್" ಎಂದು. ಮರಾಠಿಯಲ್ಲಿ ನೋಯುತ್ತಿದೆ ಎಂದರ್ಥ. ಇಂಡಿ ಗಡಿ ಸೀಮೆ, ಸೊಲ್ಲಾಪುರ ಪಕ್ಕದಲ್ಲೇ. ನಾಲ್ಕು ಮರಾಠಿ ಮಾತು ಅವನಿಗೆ ಬರುತ್ತಿದ್ದವು. ಅವನ ಮಾತು ತಿಳಿಯುವವಳು ವಾರ್ಡಿನಲ್ಲಿ ನಾನೊಬ್ಬಳೇ ಎಂದು ನಂಬಿದ್ದೆ. ನೋವನ್ನು ಅವನು ಇನ್ನೊಂದು ಭಾಷೆಯಲ್ಲಿ, ತನ್ನನ್ನು ಎಂದೂ ಶಾಣ್ಯಾ ಎನ್ನದವರ ಬಳಿ ಹೇಳಿಕೊಂಡಿದ್ದ.

ಅಂದೇ ಡೋಸ್ ಏರಿಸಿದರು. ರಾತ್ರಿ ಅವನ ಪಕ್ಕದಲ್ಲಿ ಕುಳಿತು, ಶಾಣ್ಯಾ ಎಂದದ್ದು ನನ್ನ ತಪ್ಪು, ನೋವಾದರೆ ಅಳಬಹುದು ಎಂದೆ. ಹೇಳುವಾಗ ನನಗೇ ಅಳು ಬಂತು. "ನೀವೂ ಅಳುತ್ತೀರಾ ಅಕ್ಕಾ?" ಎಂದ. ಹೂಂ ಎಂದೆ. ಆಮೇಲೆ ಅವನು ಬಿಕ್ಕಿ ಬಿಕ್ಕಿ ಅತ್ತ. ನಿದ್ದೆಯನ್ನೂ ಮಾಡಿದ. ಇನ್ನು ಎಂಟು ದಿನ ಬದುಕಿದ್ದ. ಹೊರಡುವ ಮುನ್ನ ಅವನ ಅವ್ವ, "ನಿಮಗೆ ಬೇಸರವಾಗಬಾರದೆಂದು ಹೇಳಲಿಲ್ಲವಂತೆ ಅಕ್ಕಾ" ಎಂದಳು. ದೂರುವ ದನಿಯಲ್ಲ. ಅವನಿಗೆ ಉಳಿದಿದ್ದ ಹನ್ನೊಂದು ರಾತ್ರಿಗಳಲ್ಲಿ ಮೂರನ್ನು ನಾನು ಹಾಳುಮಾಡಿದೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮನಸ್ಸು ಗಟ್ಟಿ ಮಾಡುವ ತರಬೇತಿ ಬೇಡ. ನಿಮ್ಮ ಕಣ್ಣೀರಿನಿಂದ ಯಾವ ಮಗುವಿಗೂ ಕೇಡಿಲ್ಲ. ನೋವನ್ನು ಅಳೆಯಲು ಬಾರದ ಗಟ್ಟಿ ಮನಸ್ಸಿನಿಂದ ಕೇಡಿದೆ. ಕಲಿಯಬೇಕಾದದ್ದು ನೋವು ಅಳೆಯುವುದನ್ನು. ಮಾತು ಬಾರದ ಕೂಸಾದರೆ ಮುಖ, ಕಾಲು, ಮೈಯ ಚಲನೆ, ಅಳು, ಎತ್ತಿಕೊಂಡರೆ ಸಮಾಧಾನವಾಗುತ್ತದೆಯೇ ಎಂಬ ಐದನ್ನು ನೋಡಿ ಹತ್ತಕ್ಕೆ ಅಂಕ ಹಾಕುವ ಫ್ಲಾಕ್ ಪಟ್ಟಿ ಇದೆ. ಸ್ವಲ್ಪ ದೊಡ್ಡವರಿಗೆ, ನೋವು ಎಷ್ಟಿದೆಯೆಂದು ಮಗುವೇ ಬೊಟ್ಟು ಮಾಡಿ ತೋರಿಸುವ ಆರು ಮುಖಗಳ ಚಿತ್ರ. ಮಾರ್ಫಿನ್ ಎಂದರೆ ಕೊನೆಗಾಲದ ಮದ್ದು ಎಂದು ಅಂಜುವ ತಾಯಿಗೆ ಏನು ಹೇಳಬೇಕು, ಮಾರ್ಫಿನ್ ಜೊತೆ ಮಲಬದ್ಧತೆಗೆ ಮೊದಲ ದಿನದಿಂದಲೇ ಔಷಧ ಏಕೆ ಬೇಕು ಎಂಬುದನ್ನೂ ಉಪಶಾಮಕ ಆರೈಕೆಯ ತರಬೇತಿಯಲ್ಲೇ ಕಲಿಯುತ್ತೀರಿ. ವಿಶ್ವ ಆರೋಗ್ಯ ಸಂಸ್ಥೆ 2012ರ ಮಾರ್ಗಸೂಚಿಯಲ್ಲಿ ಮಕ್ಕಳ ನೋವಿನ ಚಿಕಿತ್ಸೆಯನ್ನು ಮೂರರಿಂದ ಎರಡೇ ಹಂತಕ್ಕೆ ಇಳಿಸಿ, ಕೋಡೀನ್ ಎಂಬ ಮಾರ್ಫಿನ್‌ಗಿಂತ ಸೌಮ್ಯವಾದ ನೋವಿನ ಔಷಧ ಇದ್ದ ನಡುವಿನ ಹಂತವನ್ನು ಕೈಬಿಟ್ಟಿತು. ಹಳೆಯ ಟಿಪ್ಪಣಿ ಓದಿದವರು ಇದನ್ನು ಮರೆಯುತ್ತಾರೆ. ಇನ್ನೊಂದು ಮಾತು. ಉಪಶಾಮಕ ಆರೈಕೆ ಸಾಯುವ ಮಕ್ಕಳಿಗಷ್ಟೇ ಮೀಸಲಲ್ಲ. ಕಾಯಿಲೆ ಪತ್ತೆಯಾದ ದಿನದಿಂದಲೇ, ಚಿಕಿತ್ಸೆಯ ಜೊತೆಜೊತೆಗೇ ಶುರುವಾಗಬೇಕು. ಕ್ಯಾನ್ಸರ್ ಒಂದಕ್ಕೇ ಅಲ್ಲ, ಸ್ನಾಯು ಕ್ಷೀಣಿಸುವ ಕಾಯಿಲೆಯ ಮಗುವಿಗೂ ಬೇಕು, ಎಚ್‌ಐವಿ ಇರುವ ಮಗುವಿಗೂ ಬೇಕು.

ಮನೆಯಿಂದ ಕಲಿಯುವುದೋ ಹೋಗಿ ಕಲಿಯುವುದೋ? ಹೋಗಿ ಕಲಿಯಿರಿ. ಭಾರತೀಯ ಉಪಶಾಮಕ ಆರೈಕೆ ಸಂಘದ ಪ್ರಮಾಣಪತ್ರ ಕೋರ್ಸ್ ಓದಿಗೆ ಒಳ್ಳೆಯದು, ಆಮೇಲೆ ಮಾಡಿ. ನಿಮ್ಮ ಊರಿನಲ್ಲೇ, ವಾರಜೆಯಲ್ಲಿ, 1997ರಿಂದ ಸಿಪ್ಲಾದ ಉಪಶಾಮಕ ಆರೈಕೆ ಮತ್ತು ತರಬೇತಿ ಕೇಂದ್ರವಿದೆ. ಮೊದಲು ಅಲ್ಲಿ ವಿಚಾರಿಸಿ. ಮಕ್ಕಳ ವಿಷಯಕ್ಕೆ ಎಷ್ಟು ಸಮಯ ಕೊಡುತ್ತಾರೆ, ರೋಗಿಯ ಪಕ್ಕದಲ್ಲಿ ಕುಳಿತು ಕಲಿಯಲು ಬಿಡುತ್ತಾರೆಯೇ ಎಂದು ಕೇಳಿ. "ನೋವಿಲ್ಲ ಅಲ್ಲವೇನೋ" ಎಂದು ನಾನು ಕೇಳುವುದನ್ನು ಪಕ್ಕದಲ್ಲಿ ನಿಂತು ತಿದ್ದುವವರು ಒಬ್ಬರಿದ್ದಿದ್ದರೆ ಮೊದಲ ರಾತ್ರಿಯೇ ಸರಿಹೋಗುತ್ತಿತ್ತು. ಮೊಬೈಲ್ ಪರದೆ ಆ ಕೆಲಸ ಮಾಡುವುದಿಲ್ಲ.

ಕಲಿತು ಬಂದ ವಾರವೇ ಮೇಟ್ರನ್ ಬಳಿ ಅರ್ಧ ಗಂಟೆ ಕೇಳಿಕೊಳ್ಳಿ. ವಾರ್ಡಿನ ಮಾವಶಿಯರನ್ನು ಕೂರಿಸಿ ಆ ಆರು ಮುಖಗಳ ಕಾರ್ಡ್ ತೋರಿಸಿ, ಮಗು ಅವರಿಗೆ ಏನಾದರೂ ಹೇಳಿದರೆ ಯಾರಿಗೆ ತಿಳಿಸಬೇಕು ಎಂದು ಹೇಳಿಕೊಡಿ. ಮರಾಠಿಯಲ್ಲೇ ಹೇಳಿ.