ಕಜಾನ್‌ನ ರಷ್ಯನ್ನರ ಬಗ್ಗೆ ನೀವು ಕೇಳಿದ್ದಕ್ಕೆ

ರಷ್ಯಾದ ಟಾಟರ್‌ಸ್ತಾನ ಗಣರಾಜ್ಯದ ರಾಜಧಾನಿ ಕಜಾನ್‌ನ ರಷ್ಯನ್ನರು, ಅಲ್ಲಿನ ಟಾಟರರ (ತುರ್ಕಿಕ್ ಭಾಷೆಯಾಡುವ, ಹೆಚ್ಚಾಗಿ ಮುಸ್ಲಿಮರಾದ ಜನ) ನಡುವೆ ತಮ್ಮ ಆಚಾರ ಮರೆತಿದ್ದಾರಾ ಅಂತ ಕೇಳಿದ್ದೀರಿ. ಹಾಗೇನೂ ಇಲ್ಲ. 2021ರ ಜನಗಣತಿಯಲ್ಲಿ ಟಾಟರ್‌ಸ್ತಾನದ ಸುಮಾರು ಶೇ. 40 ಜನ ರಷ್ಯನ್ನರೇ. ಈಸ್ಟರ್ ಹೊತ್ತಿಗೆ ಅವರ ಅಡುಗೆಮನೆ ನೋಡಬೇಕು. ವಾರಗಟ್ಟಲೆ ಕೂಡಿಟ್ಟ ಈರುಳ್ಳಿ ಸಿಪ್ಪೆ ಹಾಕಿ ಮೊಟ್ಟೆ ಬೇಯಿಸುತ್ತಾರೆ. ಚಿಪ್ಪು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ವರ್ಷವಿಡೀ ಚರ್ಚಿನ ಕಡೆ ತಲೆ ಹಾಕದವರೂ ಇದನ್ನು ಬಿಡುವುದಿಲ್ಲ!

ಹಾಗಂತ ಬೇಲಿ ಹಾಕಿಕೊಂಡು ಕೂತಿಲ್ಲ. ಚಹಾ ಜೊತೆ ಟಾಟರರ ಚಕ್‌ಚಕ್ ಬೇಕೇ ಬೇಕು. ಹಿಟ್ಟಿನ ತುಂಡು ಕರಿದು ಜೇನುಪಾಕದಲ್ಲಿ ಅಂಟಿಸಿದ ಸಿಹಿ ಅದು, ನೋಡಲು ಸುಮಾರು ನಮ್ಮ ಮಂಡಕ್ಕಿ ಉಂಡೆ ಥರ. ಟಾಟರರ ಬೇಸಿಗೆಯ ಸಬಂತುಯ್ ಹಬ್ಬಕ್ಕೂ ಹೋಗುತ್ತಾರೆ.

ಭಾಷೆಯ ವಿಷಯ ಮಾತ್ರ ಬೇರೆ. ಶಾಲೆಯಲ್ಲಿ ಎಲ್ಲರಿಗೂ ಕಡ್ಡಾಯವಾಗಿದ್ದ ಟಾಟರ್ ಪಾಠ 2017ರಲ್ಲಿ ಇಷ್ಟವಿದ್ದವರಿಗೆ ಮಾತ್ರ ಅಂತಾಯಿತು. ಕಡ್ಡಾಯ ಬೇಡ ಅಂದವರಲ್ಲಿ ರಷ್ಯನ್ ಪೋಷಕರೂ ಇದ್ದರು.