ಗದಗಿನ ಲೇಖಕರಿಗೆ: ಲೇಖನ ತಿದ್ದಿ ಮತ್ತೆ ಕಳಿಸಿ

ಹೊಸ ವಿಡಿಯೊ ಗೇಮ್‌ಗಳನ್ನು ಕಂಪನಿಗಳು ಜನರೆದುರು ವೇದಿಕೆಯಲ್ಲಿ ಘೋಷಿಸುವುದು ನಿಂತು, ಆನ್‌ಲೈನ್ ಪ್ರಸಾರದಲ್ಲಿ ಘೋಷಿಸತೊಡಗಿದ್ದರ ಬಗ್ಗೆ ನೀವು ಬರೆದ ‘ವೇದಿಕೆ ಸತ್ತಿತು, ಪ್ರಸಾರ ಗೆದ್ದಿತು’ ಲೇಖನ ಓದಿದೆವು. ವಿಷಯ ನಮಗೆ ಬೇಕಾದದ್ದೇ. ಹುಬ್ಬಳ್ಳಿ-ಧಾರವಾಡದಲ್ಲಿ ಗೇಮ್ ಘೋಷಣೆಗಳಿಗೆ ಕಾದು ಕೂರುವ ಹುಡುಗರಿದ್ದಾರೆ, ಅವರು ನಿಮ್ಮ ತಪ್ಪುಗಳನ್ನು ಮೊದಲ ಓದಿಗೇ ಹಿಡಿಯುತ್ತಾರೆ. ಈಗಿರುವ ಹಾಗೆ ಅಚ್ಚಿಗೆ ಹಾಕಲಾರೆವು.

‘ಕೊರೊನಾ ಬಂತು, ಇ3 ಮುಚ್ಚಿತು’ ಎಂದು ಶುರು ಮಾಡಿದ್ದೀರಿ. ಇ3 ಅಂದರೆ ಅಮೆರಿಕದ ದೊಡ್ಡ ಗೇಮ್ ಮೇಳ ಎಂದು ಓದುಗನಿಗೆ ಹೇಳಿಲ್ಲ, ಕಾರಣವೂ ಅಷ್ಟು ಸರಳವಲ್ಲ. ಜಪಾನಿನ ಗೇಮ್ ಕಂಪನಿ ನಿಂಟೆಂಡೊ ತನ್ನ ‘ಡೈರೆಕ್ಟ್’ ಆನ್‌ಲೈನ್ ಪ್ರಸಾರ ಆರಂಭಿಸಿದ್ದು 2011ರ ಅಕ್ಟೋಬರಿನಲ್ಲಿ. 2013ರ ಇ3 ಹೊತ್ತಿಗೆ ದೊಡ್ಡ ವೇದಿಕೆಯನ್ನೇ ಬಿಟ್ಟು ಅದೇ ಪ್ರಸಾರಕ್ಕೆ ಹೊರಳಿತು. ಸೋನಿ 2019ರ ಮಾರ್ಚಿನಲ್ಲಿ ‘ಸ್ಟೇಟ್ ಆಫ್ ಪ್ಲೇ’ ಎಂಬ ತನ್ನದೇ ಪ್ರಸಾರ ತೆರೆದು, ಆ ವರ್ಷ ಇ3 ಕಡೆ ಹಾಯಲೇ ಇಲ್ಲ. ಕೊರೊನಾ ಬರುವಷ್ಟರಲ್ಲಿ ತೊಲೆಗೆ ಗೆದ್ದಲು ಹತ್ತಿತ್ತು. 2023ರ ಡಿಸೆಂಬರಿನಲ್ಲಿ ಇ3 ಇನ್ನಿಲ್ಲವೆಂದು ಸಂಘಟಕರು ಹೇಳಿದರು, ಅಷ್ಟೆ.

‘ಪತ್ರಕರ್ತರು ಪ್ರಶ್ನೆ ಕೇಳಿ ಬೆವರಿಳಿಸುತ್ತಿದ್ದರು’ ಎಂಬ ಸಾಲು ಹೊಡೆದು ಹಾಕಿ. ಇ3 ವೇದಿಕೆಯ ಪತ್ರಿಕಾಗೋಷ್ಠಿ ಅನ್ನುವುದು ಹೆಸರಿಗೆ ಮಾತ್ರ. ನಮ್ಮ ಜಿಲ್ಲಾಧಿಕಾರಿ ಕಚೇರಿಯ ಪ್ರೆಸ್ ಮೀಟ್ ಅಲ್ಲ ಅದು, ಬರೀ ಪ್ರದರ್ಶನ. ಪ್ರಶ್ನೆ ಕೇಳುತ್ತಿದ್ದದ್ದು ಆಮೇಲೆ, ಮಳಿಗೆಯಲ್ಲಿ ಕಂಟ್ರೋಲರ್ ಹಿಡಿದು ಒಂದಿಷ್ಟು ಹೊತ್ತು ಆಡಿ ನೋಡಿದ ಮೇಲೆ. ಪ್ರಸಾರದಿಂದ ಪತ್ರಕರ್ತ ಕಳೆದುಕೊಂಡದ್ದು ಹಾಗೆ ಆಡಿ ನೋಡುವ ಅವಕಾಶವನ್ನು. ಅದರ ಬಗ್ಗೆ ನಿಮ್ಮಲ್ಲಿ ಒಂದು ಸಾಲೂ ಇಲ್ಲ.

ಜನ ಎದುರಿಗೆ ಕೂತರೆ ಏನಾಗುತ್ತದೆ ಎಂಬುದನ್ನೂ ತೋರಿಸಿಲ್ಲ. ಪುಣ್ಯಾಶ್ರಮದ ನಾಟಕ ಮಂಡಳಿ ಕಂಡ ಊರಿನವರು ನೀವು; ‘ವನ್ಸ್ ಮೋರ್’ ಕೂಗು ನಟನ ಕೈಯಲ್ಲಿಲ್ಲ ಅನ್ನುವುದು ನಿಮಗೆ ಗೊತ್ತು. 2010ರ ಇ3ಯಲ್ಲಿ ನಿಂಟೆಂಡೊದ ಹೆಸರಾಂತ ಗೇಮ್ ವಿನ್ಯಾಸಕ ಮಿಯಾಮೊಟೊ, ಕೈ ಬೀಸಿ ಆಡುವ ‘ಸ್ಕೈವರ್ಡ್ ಸ್ವೋರ್ಡ್’ ಗೇಮ್ ಆಡಿ ತೋರಿಸುವಾಗ ಇತ್ತ ಕೈ ಬೀಸಿದರೆ ಅತ್ತ ಪರದೆಯ ಕತ್ತಿ ಮಾತು ಕೇಳಲಿಲ್ಲ. ಸಭಾಂಗಣದ ವೈರ್‌ಲೆಸ್ ಅಡಚಣೆ ಎಂದರು. ಮೊದಲೇ ಚಿತ್ರೀಕರಿಸಿದ ಪ್ರಸಾರವಾಗಿದ್ದರೆ ಆ ತುಣುಕು ಕತ್ತರಿಗೆ ಹೋಗಿ, ನಮಗೆ ಸುದ್ದಿಯೇ ಇರುತ್ತಿರಲಿಲ್ಲ. 2018ರಲ್ಲಿ ಬ್ಲಿಝರ್ಡ್ ಕಂಪನಿಯ ಅಭಿಮಾನಿಗಳ ಮೇಳ ಬ್ಲಿಝ್‌ಕಾನ್‌ನಲ್ಲಿ, ಹೊಸ ‘ಡಯಾಬ್ಲೊ ಇಮ್ಮಾರ್ಟಲ್’ ಕಂಪ್ಯೂಟರಿನದಲ್ಲ, ಫೋನ್ ಗೇಮ್ ಎಂದು ತಿಳಿದ ಅಭಿಮಾನಿಯೊಬ್ಬ ಎದ್ದು ನಿಂತು, ಇದೇನು ಏಪ್ರಿಲ್ ಫೂಲಾ ಎಂದು ಕೇಳಿಯೇಬಿಟ್ಟ. ಇಂಥ ಎರಡು ದೃಶ್ಯ ಬಿಡಿಸಿ ಬರೆದರೆ ನಿಮ್ಮ ಮೂರು ಪುಟದ ವಾದ ಬೇಕಾಗುವುದಿಲ್ಲ.

ಆದರೆ ‘ವೇದಿಕೆ ಸುಳ್ಳು ಹೇಳುವುದಿಲ್ಲ’ ಎಂದೂ ಬರೆಯಬೇಡಿ. 2005ರಲ್ಲಿ ಎಲ್ಲರ ಬಾಯಿ ತೆರೆಸಿದ, ಸೋನಿಯ ‘ಕಿಲ್‌ಜೋನ್’ ಗೇಮಿನ ಟ್ರೇಲರ್ ಗೇಮಿನೊಳಗಿನ ದೃಶ್ಯವಲ್ಲ, ಮೊದಲೇ ಮಾಡಿಟ್ಟ ಅನಿಮೇಷನ್. ಅದನ್ನು ತೋರಿಸಿದ್ದು ವೇದಿಕೆಯ ಮೇಲೆಯೇ. ಟ್ರೇಲರ್ ಬಗ್ಗೆ ಬರೆಯುವ ಮುನ್ನ ಅಂಚಿನ ಸಣ್ಣಕ್ಷರ ಓದಿ, ದೃಶ್ಯ ಯಾವ ಯಂತ್ರದಲ್ಲಿ ಸೆರೆಯಾದದ್ದು ಎಂದು ನೋಡಿ.

ಸಮಯವೂ ತಪ್ಪಿದೆ. ಜೂನ್‌ನಲ್ಲಿ, ಇ3 ನಡೆಯುತ್ತಿದ್ದ ಲಾಸ್ ಏಂಜಲೀಸ್ ನಮಗಿಂತ ಹನ್ನೆರಡೂವರೆ ತಾಸು ಹಿಂದೆ. 2013ರ ಜೂನ್ 10ರ ಸಂಜೆ 6ಕ್ಕೆ ಅಲ್ಲಿ ಶುರುವಾದ ಸೋನಿ ಗೋಷ್ಠಿ ಹುಬ್ಬಳ್ಳಿಯಲ್ಲಿ 11ರ ಬೆಳಿಗ್ಗೆ ಆರೂವರೆಗೆ. ನಿಮ್ಮ ‘ಮಧ್ಯರಾತ್ರಿಯ ರೋಮಾಂಚನ’ ಎಲ್ಲಿಂದ ಬಂತೋ!

ಎಂಟುನೂರು ಪದಕ್ಕೆ ಇಳಿಸಿ, ಮಿಯಾಮೊಟೊ ಪ್ರಸಂಗದಿಂದ ಶುರು ಮಾಡಿ ಕಳಿಸಿ. ಶೀರ್ಷಿಕೆ ನಾವು ಕೊಡುತ್ತೇವೆ.